ಗೆಟ್ಸ್, ಸ್ಕ್ಯಾನ್‌ಎಫ್, ಎಫ್‌ಗೆಟ್ಸ್, ಗೆಟ್‌ಲೈನ್: ಸಿ ಪ್ರೋಗ್ರಾಮಿನಲ್ಲಿ ಒಂದು ಸಾಲನ್ನು ಹೇಗೆ ಓದಬೇಕು?

ವಿಕ್ಟೋರಿಯಾ ಟರ್ಮಿನಸ್ ಅಂತ ಇಂಗ್ಲಿಷಿನಲ್ಲಿ ಬರೆದರೆ, ನಡುವಿನ ಸ್ಪೇಸ್ ಸೇರಿ 17 ಅಕ್ಷರ. 1990ರ ಸುಮಾರಿಗೆ ಯಾರಾದರೂ ಮುಂಬೈ ಲೋಕಲ್ ಸ್ಟೇಷನ್‌ಗಳ ಹೆಸರಿಗಾಗಿ ಸಿಯಲ್ಲಿ 20 ಬೈಟಿನ ಅರೇ (ಅಕ್ಷರಗಳನ್ನು ಸಾಲಾಗಿ ಇಡುವ ಜಾಗ) ಮಾಡಿದ್ದರೆ ತಪ್ಪೇನೂ ಕಾಣುತ್ತಿರಲಿಲ್ಲ. 17 ಅಕ್ಷರ, ಹೆಸರು ಅಲ್ಲಿಗೆ ಮುಗಿಯಿತು ಅಂತ ತೋರಿಸಲು ಕೊನೆಗೆ ಒಂದು ಸೊನ್ನೆ ಬೈಟ್, ಒಟ್ಟು 18. ಇನ್ನೂ ಎರಡು ಬೈಟ್ ಮಿಗುತ್ತಿತ್ತು. 1996ರಲ್ಲಿ ಅದೇ ಸ್ಟೇಷನ್ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 28 ಅಕ್ಷರ. 2017ರಲ್ಲಿ ಮಹಾರಾಜ್ ಸೇರಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿ, ಆಯಿತು. 36 ಅಕ್ಷರ. ಪ್ರೋಗ್ರಾಮಿನ ಒಂದು ಸಾಲನ್ನೂ ಯಾರೂ ಮುಟ್ಟಿಲ್ಲ, ಆದರೂ ಅದು ಈಗ ಅಪಾಯದ ಪ್ರೋಗ್ರಾಮ್.

ಈ ಲೆಕ್ಕ ಹಾಕಿದ್ದು ನನ್ನ ತಂಗಿಯ ಮಗನ ಜೊತೆ ಕೂತಾಗ. ಅವರ ಮನೆ ಮಾಟುಂಗಾದಲ್ಲಿ, ನಮ್ಮದು ಡೊಂಬಿವಲಿಯಲ್ಲಿ. ಅವನು ಎಂಜಿನಿಯರಿಂಗ್ ಮೊದಲ ವರ್ಷ. ಭಾನುವಾರ ರಿಪೇರಿಗಾಗಿ ಲೋಕಲ್ ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೂ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದ. ಪ್ರಾಜೆಕ್ಟ್ ಸಣ್ಣದು: ಹತ್ತುವ ಸ್ಟೇಷನ್ ಕೇಳಬೇಕು, ಇಳಿಯುವ ಸ್ಟೇಷನ್ ಕೇಳಬೇಕು, ಎಷ್ಟು ಟಿಕೆಟ್ ಅಂತ ಕೇಳಿ ಎಲ್ಲವನ್ನೂ ಬರೆದಿಡಬೇಕು. ಮೂರೇ ಪ್ರಶ್ನೆ. ಅಷ್ಟಕ್ಕೇ ಅವನ ಪ್ರೋಗ್ರಾಮ್ ನಾಲ್ಕು ಥರ ಕೆಟ್ಟಿತ್ತು. "ಮಾಮ, ಯಾವುದು ಸರಿ ಅಂತ ಒಂದೇ ಹೇಳಿಬಿಡಿ" ಅಂದ. ಒಂದೇ ಹೇಳಬೇಕೆಂದರೆ ಎಫ್‌ಗೆಟ್ಸ್. ಆದರೆ ಅದನ್ನು ಹೇಗೆ ಬಳಸಬೇಕು, ಉಳಿದವು ಯಾವಾಗ ಬೇಕಾಗುತ್ತವೆ ಅನ್ನುವುದು ಗೊತ್ತಿಲ್ಲದಿದ್ದರೆ ಎಫ್‌ಗೆಟ್ಸ್ ಕೂಡ ಕೈಕೊಡುತ್ತದೆ. ಅದಕ್ಕೇ ಒಂದೊಂದಾಗಿ ನೋಡೋಣ.

ಗೆಟ್ಸ್

ಇದನ್ನು ಬಳಸಬೇಡಿ. ಇದಕ್ಕೆ ನೀವು ಅರೇ ಕೊಡಬಹುದು, ಅದರ ಅಳತೆ ಕೊಡುವ ದಾರಿಯೇ ಇಲ್ಲ. ಎಂಟರ್ ಬರುವ ತನಕ ಬಂದದ್ದನ್ನೆಲ್ಲ ತುಂಬುತ್ತಾ ಹೋಗುತ್ತದೆ. 20 ಬೈಟಿನ ಅರೇಗೆ ಸಿಎಸ್‌ಎಂಟಿಯ ಪೂರ್ತಿ ಹೆಸರು ಬಂದರೆ 36 ಅಕ್ಷರ, ಒಂದು ಸೊನ್ನೆ, ಒಟ್ಟು 37 ಬೈಟ್. ಅಂದರೆ 17 ಬೈಟ್ ಪಕ್ಕದ ಜಾಗಕ್ಕೆ ಹರಿಯುತ್ತದೆ. ಆ ಪಕ್ಕದ ಜಾಗದಲ್ಲಿ ಇನ್ನೊಂದು ವೇರಿಯಬಲ್ ಇರಬಹುದು, ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಅನ್ನುವ ವಿಳಾಸವೂ ಇರಬಹುದು.

1988ರ ನವೆಂಬರ್ 2ರಂದು ಇಂಟರ್ನೆಟ್ಟಿನಲ್ಲಿ ಹರಡಿದ ಮಾರಿಸ್ ವರ್ಮ್ (ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹರಡುವ ಪ್ರೋಗ್ರಾಮ್) ಬಳಸಿಕೊಂಡ ದಾರಿಗಳಲ್ಲಿ ಒಂದು ಇದೇ. ಫಿಂಗರ್ ಎಂಬ ಸೇವೆಯ ಪ್ರೋಗ್ರಾಮ್ 512 ಬೈಟಿನ ಬಫರಿಗೆ (ಓದಿದ್ದನ್ನು ಇಡುವ ಜಾಗಕ್ಕೆ) ಗೆಟ್ಸ್‌ನಿಂದ ಓದುತ್ತಿತ್ತು. ವರ್ಮ್ ಅದಕ್ಕಿಂತ ಉದ್ದದ ಸಾಲು ಕಳಿಸಿ, ಮರಳುವ ವಿಳಾಸವನ್ನೇ ಬದಲಿಸಿ, ತನ್ನ ಕೋಡ್ ಓಡಿಸಿತು. ಆಮೇಲೂ ಗೆಟ್ಸ್ ಭಾಷೆಯಿಂದ ಹೋಗಲು 23 ವರ್ಷ ಬೇಕಾಯಿತು. 2011ರ ಸಿ ಸ್ಟ್ಯಾಂಡರ್ಡ್ ಅದನ್ನು ಪೂರ್ತಿ ತೆಗೆದುಹಾಕಿತು. ಹಳೆಯ ಟರ್ಬೊ ಸಿ ನೋಟ್ಸ್‌ಗಳಲ್ಲಿ ಈಗಲೂ ಸಿಗುತ್ತದೆ, ಮಕ್ಕಳು ಅದನ್ನೇ ಇಳಿಸಿಕೊಳ್ಳುತ್ತಾರೆ. ಲ್ಯಾಬ್ ಪರೀಕ್ಷೆಗೂ ಬರೆಯಬೇಡಿ.

ಸ್ಕ್ಯಾನ್‌ಎಫ್

ಕಾಲೇಜಿನಲ್ಲಿ ಮೊದಲು ಕಲಿಸುವುದು ಇದನ್ನೇ. ಹಾಗಾಗಿ ಜಾಸ್ತಿ ತೊಂದರೆ ಕಾಣುವುದೂ ಇಲ್ಲೇ.

ಬರೀ %ಎಸ್ (ಪಠ್ಯ ಓದು ಅನ್ನುವ ಸೂಚನೆ) ಹಾಕಿದರೆ ಅಪಾಯ ಗೆಟ್ಸ್‌ನಷ್ಟೇ. ಮಿತಿ ಇಲ್ಲ. ಮಿತಿ ಹಾಕಬಹುದು: 20 ಬೈಟಿನ ಅರೇಗೆ %19ಎಸ್. ಇಲ್ಲಿ 19 ಯಾಕೆ ಅಂದರೆ ಸ್ಕ್ಯಾನ್‌ಎಫ್ ಕೊನೆಯ ಸೊನ್ನೆ ಬೈಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಜಾಗ ನಾವೇ ಬಿಡಬೇಕು. ಎಫ್‌ಗೆಟ್ಸ್ ಹಾಗಲ್ಲ, ಅದಕ್ಕೆ 20 ಅಂತಲೇ ಹೇಳಬೇಕು, ಸೊನ್ನೆಯ ಜಾಗವನ್ನು ಅದೇ ಕಳೆದುಕೊಳ್ಳುತ್ತದೆ. ಎರಡನ್ನೂ ಬಳಸುವವರು ಇಲ್ಲಿ ಒಂದು ಬೈಟ್ ಆಚೀಚೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮಿತಿ ಹಾಕಿದ ಮೇಲೂ ಇನ್ನೊಂದು ತೊಂದರೆ ಉಳಿಯುತ್ತದೆ. %ಎಸ್ ಒಂದು ಪದ ಓದುತ್ತದೆ, ಸಾಲು ಓದುವುದಿಲ್ಲ. ಸ್ಪೇಸ್ ಕಂಡ ಕೂಡಲೇ ನಿಲ್ಲುತ್ತದೆ. ನನ್ನ ಸೋದರಳಿಯನ ಪ್ರೋಗ್ರಾಮಿಗೆ ನಾನು ಹತ್ತುವ ಸ್ಟೇಷನ್ "ಲೋವರ್ ಪರೇಲ್" ಅಂತ ಕೊಟ್ಟೆ. ಹತ್ತುವ ಸ್ಟೇಷನ್ "ಲೋವರ್" ಆಯಿತು. ಇಳಿಯುವ ಸ್ಟೇಷನ್ ಯಾವುದು ಅನ್ನುವ ಪ್ರಶ್ನೆ ಪರದೆ ಮೇಲೆ ಬಂತು, ಆದರೆ ನನ್ನ ಉತ್ತರಕ್ಕೆ ಅದು ಕಾಯಲೇ ಇಲ್ಲ. ಒಳಗೆ ಉಳಿದಿದ್ದ "ಪರೇಲ್" ಅನ್ನೇ ಉತ್ತರ ಅಂತ ತೆಗೆದುಕೊಂಡಿತು. ಲೋವರ್ ಪರೇಲ್ ವೆಸ್ಟರ್ನ್ ಲೈನಿನದು, ಪರೇಲ್ ಸೆಂಟ್ರಲ್ ಲೈನಿನ ಬೇರೆಯೇ ಸ್ಟೇಷನ್. ಪರೇಲ್ ಕೂಡ ನಿಜವಾಗಿ ಇರುವ ಹೆಸರಾದ್ದರಿಂದ, ಆಮೇಲೆ ಆ ಫೈಲ್ ತೆರೆದು ನೋಡಿದವರಿಗೆ ಇಳಿಯುವ ಸ್ಟೇಷನ್ ತಪ್ಪು ಅಂತ ಅನುಮಾನವೂ ಬರುವುದಿಲ್ಲ.

ನಂತರ ಟಿಕೆಟ್ ಎಷ್ಟು ಅನ್ನುವ ಪ್ರಶ್ನೆ, ಅಲ್ಲಿ ಅಂಕಿ ಓದುವ %ಡಿ. ನಾನು ಇನ್ನೂ ಇಳಿಯುವ ಸ್ಟೇಷನ್ ಕೇಳುತ್ತಿದೆ ಅಂದುಕೊಂಡು "ದಾದರ್" ಅಂತ ಹೊಡೆದೆ. ಪರದೆ ತುಂಬ ಅದೇ ಪ್ರಶ್ನೆ ಓಡತೊಡಗಿತು. "ಮಾಮ, ನಿಲ್ತಾನೇ ಇಲ್ಲ!" ಅಂದ. %ಡಿಗೆ ಅಂಕಿ ಸಿಗದಿದ್ದರೆ ಅದು ಆ ಅಕ್ಷರಗಳನ್ನು ಮುಟ್ಟದೆ ಅಲ್ಲೇ ಬಿಡುತ್ತದೆ. ಲೂಪ್ ಮತ್ತೆ ಓದುತ್ತದೆ, ಮತ್ತೆ ಅದೇ "ದಾದರ್", ಮತ್ತೆ ಸೋಲು. ಸ್ಕ್ಯಾನ್‌ಎಫ್ ಎಷ್ಟು ಐಟಂ ಓದಿದೆ ಅಂತ ಸಂಖ್ಯೆ ಹಿಂದಿರುಗಿಸುತ್ತದೆ. ಅದನ್ನು ನೋಡುವುದು ಕಡ್ಡಾಯ. ಆದರೆ ನೋಡಿದ ಮಾತ್ರಕ್ಕೆ ಒಳಗೆ ಸಿಕ್ಕಿಕೊಂಡ ಅಕ್ಷರ ಹೊರಗೆ ಬರುವುದಿಲ್ಲ, ಅದನ್ನು ನಾವೇ ಓದಿ ಬಿಸಾಡಬೇಕು.

ಇಲ್ಲಿ ಬಹಳ ಜನ ಮೊರೆಹೋಗುವುದು ಕೀಬೋರ್ಡಿನಿಂದ ಬರುವ ಡೇಟಾ, ಅಂದರೆ ಎಸ್‌ಟಿಡಿಇನ್ ಮೇಲೆ ಎಫ್‌ಫ್ಲಶ್ ಹೊಡೆಯುವುದಕ್ಕೆ. ಕೆಲವು ಕಂಪೈಲರ್‌ಗಳಲ್ಲಿ ಕೆಲಸ ಮಾಡಿದಂತೆ ಕಾಣುತ್ತದೆ. ಸಿ ಸ್ಟ್ಯಾಂಡರ್ಡ್ ಪ್ರಕಾರ ಎಫ್‌ಫ್ಲಶ್ ಇರುವುದು ಹೊರಹೋಗುವ ಡೇಟಾಗೆ, ಒಳಬರುವ ಡೇಟಾದ ಮೇಲೆ ಬಳಸಿದರೆ ಏನಾಗುತ್ತದೆ ಅಂತ ಅದು ಹೇಳುವುದೇ ಇಲ್ಲ. ಅದನ್ನು ನಂಬಿ ಪ್ರೋಗ್ರಾಮ್ ಬರೆಯಬೇಡಿ.

ಸ್ಪೇಸ್ ಸಮೇತ ಓದಲು %19[^\n] ಅನ್ನುವ ರೂಪ ಇದೆ: ಹೊಸ ಸಾಲಿನ ಗುರುತು (ಎಂಟರ್ ಒತ್ತಿದಾಗ ಸೇರುವ \n) ಬರುವ ತನಕ, 19 ದಾಟದಂತೆ ಓದು ಅಂತ. ಇದು ಪರವಾಗಿಲ್ಲ. ಆದರೆ ಬಳಕೆದಾರರು ಸುಮ್ನೆ ಎಂಟರ್ ಒತ್ತಿದರೆ ಏನನ್ನೂ ಓದದೆ ಸೋಲುತ್ತದೆ, ಹೊಸ ಸಾಲಿನ ಗುರುತನ್ನೂ ಅಲ್ಲೇ ಬಿಡುತ್ತದೆ. ವಿಷುವಲ್ ಸ್ಟುಡಿಯೋದಲ್ಲಿ ಸ್ಕ್ಯಾನ್‌ಎಫ್_ಎಸ್ ಬಳಸು ಅಂತ ಕಂಪೈಲರ್ ಒತ್ತಾಯಿಸುತ್ತದೆ, ಅದಕ್ಕೆ ಅರೇ ಜೊತೆ ಅಳತೆಯನ್ನೂ ಕೊಡಬೇಕು. ಒಳ್ಳೆಯದೇ, ಆದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿ ಗ್ಲಿಬ್‌ಸಿಯಲ್ಲಿ ಅದು ಇಲ್ಲ.

ಹಾಗಾದರೆ ಸ್ಕ್ಯಾನ್‌ಎಫ್ ಯಾವಾಗ? ಇನ್ನೊಂದು ಪ್ರೋಗ್ರಾಮ್ ಬರೆದ, ರೂಪ ಪಕ್ಕಾ ಗೊತ್ತಿರುವ ಅಂಕಿಗಳನ್ನು ಓದಲು ಸಾಕು. ಮನುಷ್ಯರು ಕೀಬೋರ್ಡಿನಲ್ಲಿ ಹೊಡೆಯುವುದಕ್ಕೆ ನಾನು ಬಳಸುವುದಿಲ್ಲ.

ಎಫ್‌ಗೆಟ್ಸ್

ಇದಕ್ಕೆ ಮೂರು ವಿಷಯ ಹೇಳಬೇಕು: ಎಲ್ಲಿಗೆ ಓದಬೇಕು, ಆ ಜಾಗದ ಅಳತೆ ಎಷ್ಟು, ಎಲ್ಲಿಂದ ಓದಬೇಕು. ಅಳತೆ 20 ಅಂದರೆ ಹೆಚ್ಚೆಂದರೆ 19 ಬೈಟ್ ಓದಿ ಕೊನೆಗೆ ಸೊನ್ನೆ ಇಡುತ್ತದೆ. ಮಧ್ಯೆ ಹೊಸ ಸಾಲಿನ ಗುರುತು ಸಿಕ್ಕರೆ ಅದನ್ನೂ ಇಟ್ಟುಕೊಂಡು ಅಲ್ಲಿಗೇ ನಿಲ್ಲುತ್ತದೆ. ಓದಲು ಏನೂ ಇಲ್ಲದಿದ್ದರೆ ನಲ್ (ಖಾಲಿ ವಿಳಾಸ) ಕೊಡುತ್ತದೆ. ನೀವು ಹೇಳಿದ ಅಳತೆ ಸರಿಯಿದ್ದರೆ ಬಫರ್ ಎಂದೂ ಉಕ್ಕುವುದಿಲ್ಲ.

ಸೋದರಳಿಯ ಸ್ಕ್ಯಾನ್‌ಎಫ್ ತೆಗೆದು ಎಫ್‌ಗೆಟ್ಸ್ ಹಾಕಿದ. ನಾನು ಸಿಎಸ್‌ಎಂಟಿಯ 36 ಅಕ್ಷರದ ಹೆಸರನ್ನು ಹೊಡೆದೆ. ಹತ್ತುವ ಸ್ಟೇಷನ್: "ಛತ್ರಪತಿ ಶಿವಾಜಿ". ಇಂಗ್ಲಿಷಿನಲ್ಲಿ ಎಣಿಸಿ ನೋಡಿ, 11, ಒಂದು ಸ್ಪೇಸ್, 7, ಸರಿಯಾಗಿ 19. ಕತ್ತರಿ ಪದದ ಅಂಚಿನಲ್ಲೇ ಬಿದ್ದದ್ದರಿಂದ ಹೆಸರು ತುಂಡಾಗಿದೆ ಅಂತ ಗೊತ್ತೇ ಆಗಲಿಲ್ಲ. ಇಳಿಯುವ ಸ್ಟೇಷನ್ನಿನ ಪ್ರಶ್ನೆಗೆ ಉಳಿದಿದ್ದ "ಮಹಾರಾಜ್ ಟರ್ಮಿನಸ್" ಹೋಗಿ ಕೂತಿತು. ಮೆಮೊರಿ ಕೆಡಲಿಲ್ಲ, ನಿಜ. ಬರೆದಿಟ್ಟ ಮಾಹಿತಿ ಮಾತ್ರ ಪೂರ್ತಿ ಕೆಟ್ಟಿತು.

ಆದ್ದರಿಂದ ಎಫ್‌ಗೆಟ್ಸ್ ಆದ ಮೇಲೆ ಪ್ರತಿ ಸಲ ಒಂದು ಪ್ರಶ್ನೆ ಕೇಳಬೇಕು: ಹೊಸ ಸಾಲಿನ ಗುರುತು ಬಫರಿನೊಳಗೆ ಬಂತೇ? ಸ್ಟ್ರ್‌ಚಾರ್‌ನಿಂದ (strchr) ಹುಡುಕಿ. ಸಿಕ್ಕರೆ ಸಾಲು ಪೂರ್ತಿ ಬಂದಿದೆ, ಆ ಗುರುತಿನ ಜಾಗದಲ್ಲಿ ಸೊನ್ನೆ ಇಡಿ. ಸಿಗದಿದ್ದರೆ ಗೆಟ್‌ಚಾರ್‌ನಿಂದ ಒಂದೊಂದೇ ಬೈಟ್ ಓದುತ್ತಾ ಹೊಸ ಸಾಲಿನ ಗುರುತೋ ಇಒಎಫ್ಫೋ (ಓದಲು ಇನ್ನೇನೂ ಇಲ್ಲ ಅನ್ನುವ ಸೂಚನೆ) ಸಿಗುವ ತನಕ ಬಿಸಾಡಿ. ಹೀಗೆ ಬಿಸಾಡುವಾಗ ಮೊದಲ ಬೈಟೇ ಹೊಸ ಸಾಲಿನ ಗುರುತಾಗಿದ್ದರೆ, ಅಥವಾ ಇಒಎಫ್ ಆಗಿದ್ದರೆ, ಸಾಲು 19 ಬೈಟಿನೊಳಗೇ ಮುಗಿದಿತ್ತು, ತುಂಡಾಗಿಲ್ಲ ಅಂತ ಅರ್ಥ. ಬೇರೇನಾದರೂ ಸಿಕ್ಕರೆ ಸಾಲು ತುಂಡಾಗಿದೆ. ಈ ಸಣ್ಣ ವ್ಯತ್ಯಾಸವನ್ನು ಬಿಟ್ಟವರು 19 ಅಕ್ಷರದ ಸರಿಯಾದ ಹೆಸರನ್ನೂ ಉದ್ದವಾಯಿತು ಅಂತ ಹಿಂದಕ್ಕೆ ಕಳಿಸುತ್ತಾರೆ.

ಗೆಟ್‌ಚಾರ್ ಕೊಡುವುದನ್ನು ಇಂಟ್‌ನಲ್ಲಿ ಇಟ್ಟುಕೊಳ್ಳಿ, ಚಾರ್‌ನಲ್ಲಿ ಬೇಡ. ಇಒಎಫ್ ಅನ್ನುವುದು ಯಾವ ಬೈಟಿಗೂ ಸಮವಲ್ಲದ ಒಂದು ಋಣ ಸಂಖ್ಯೆ. ಚಾರ್‌ಗೆ ತುರುಕಿದರೆ ಆ ಗುರುತು ಅಳಿಸಿಹೋಗುತ್ತದೆ, ಚಾರ್‌ಗೆ ಋಣ ಸಂಖ್ಯೆ ಇಲ್ಲದ ಯಂತ್ರಗಳಲ್ಲಿ ಲೂಪ್ ಕೊನೆಯಾಗುವುದೇ ಇಲ್ಲ.

ಹೊಸ ಸಾಲಿನ ಗುರುತು ತೆಗೆಯುವುದರಲ್ಲಿ ನಾನೇ ಒಮ್ಮೆ ಎಡವಿದ್ದೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಫೈಲಿನಿಂದ ಊರುಗಳ ಪಟ್ಟಿ ಓದಿಸಬೇಕಿತ್ತು. ಸ್ಟ್ರ್‌ಲೆನ್‌ನಿಂದ ಉದ್ದ ತೆಗೆದು, ಅದರಲ್ಲಿ ಒಂದು ಕಳೆದು, ಆ ಜಾಗದಲ್ಲಿ ಸೊನ್ನೆ ಇಟ್ಟಿದ್ದೆ. ಸಾಲಿನ ಕೊನೆಯಲ್ಲಿ ಹೊಸ ಸಾಲಿನ ಗುರುತು ಇದ್ದೇ ಇರುತ್ತದೆ ಅಂತ ನಂಬಿದ್ದೆ. ಆ ಫೈಲಿನ ಕೊನೆಯ ಸಾಲಿನಲ್ಲಿ ಅದು ಇರಲಿಲ್ಲ. ಕೊನೆಯ ಊರು ದಾದರ್. ಇಂಗ್ಲಿಷಿನ ಕೊನೆಯ ಆರ್ ಹಾರಿಹೋಗಿ "ದಾದಾ" ಆಯಿತು. ಬೇರೆ ಎಲ್ಲ ಸಾಲೂ ಸರಿ, ಅದೊಂದೇ ತಪ್ಪು, ಹುಡುಕಲು ಎರಡು ದಿನ ಹೋಯಿತು. ಅದಕ್ಕಿಂತ ಕೆಟ್ಟದ್ದು: ಸಾಲಿನ ಮೊದಲ ಬೈಟೇ ಸೊನ್ನೆಯಾಗಿದ್ದರೆ ಉದ್ದ ಸೊನ್ನೆ, ಅದರಲ್ಲಿ ಒಂದು ಕಳೆದರೆ ಅರೇಯಿಂದ ಹೊರಗೇ ಬರೆದಂತೆ. ಅಂದಿನಿಂದ ನಾನು ಸ್ಟ್ರ್‌ಸಿಎಸ್‌ಪಿಎನ್ ಬಳಸುತ್ತೇನೆ. ಅದು ಹೊಸ ಸಾಲಿನ ಗುರುತು ಇರುವ ಜಾಗ ಹೇಳುತ್ತದೆ, ಇಲ್ಲದಿದ್ದರೆ ಪಠ್ಯದ ಕೊನೆಯ ಜಾಗ ಹೇಳುತ್ತದೆ. ಎರಡೂ ಕಡೆ ಸೊನ್ನೆ ಇಟ್ಟರೆ ನಷ್ಟವಿಲ್ಲ. ಹುಡುಕುವ ಪಟ್ಟಿಗೆ \r ಕೂಡ ಸೇರಿಸಿದರೆ ವಿಂಡೋಸ್‌ನಲ್ಲಿ ಮಾಡಿದ ಫೈಲುಗಳೂ ತೊಂದರೆ ಕೊಡುವುದಿಲ್ಲ.

ಇನ್ನೊಂದು ಮಾತು. ಅರೇಯನ್ನು ಬೇರೆ ಫಂಕ್ಷನ್ನಿಗೆ ಕಳಿಸಿ, ಅಲ್ಲಿ ಸೈಜ್‌ಆಫ್ ಬಳಸಬೇಡಿ. ಫಂಕ್ಷನ್ನಿನೊಳಗೆ ಅದು ಬರೀ ಪಾಯಿಂಟರ್, ಅಂದರೆ ಅರೇಯ ವಿಳಾಸ. 64 ಬಿಟ್ ಯಂತ್ರದಲ್ಲಿ 8 ಅಂತ ಬರುತ್ತದೆ, ಎಫ್‌ಗೆಟ್ಸ್ ಏಳೇ ಬೈಟ್ ಓದುತ್ತದೆ. ಅಳತೆಯನ್ನೂ ಜೊತೆಗೆ ಕಳಿಸಿ.

ಕನ್ನಡದಲ್ಲಿ ಹೊಡೆದರೆ?

ನಮಗೆ ಇದು ಬರೀ ಇಂಗ್ಲಿಷ್ ಅಕ್ಷರಗಳ ಲೆಕ್ಕವಾಗಿ ಉಳಿಯುವುದಿಲ್ಲ. ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ವ್ಯಂಜನ ಬೇರೆ, ಅದರ ಸ್ವರದ ಗುರುತು ಬೇರೆ, ಒತ್ತಕ್ಷರವಾದರೆ ಅದರ ಹಲಂತವೂ ಬೇರೆ. ದೇವನಾಗರಿಗೂ ಇದೇ ಲೆಕ್ಕ, ಹಾಗಾಗಿ ಮರಾಠಿಯಲ್ಲಿ ಹೊಡೆಯುವ ಪಕ್ಕದ ಮನೆಯವರಿಗೂ ಇದೇ ಪಾಡು.

ಮಾಟುಂಗಾ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ 7 ಬೈಟ್. ಕನ್ನಡದಲ್ಲಿ ಕಣ್ಣಿಗೆ ಮೂರೇ ಅಕ್ಷರ: ಮಾ, ಟುಂ, ಗಾ. ಒಳಗೆ ಮ, ಆ ಕಾರದ ಗುರುತು, ಟ, ಉ ಕಾರದ ಗುರುತು, ಅನುಸ್ವಾರದ ಸೊನ್ನೆ, ಗ, ಮತ್ತೆ ಆ ಕಾರದ ಗುರುತು. ಏಳು ಚಿಹ್ನೆ, 21 ಬೈಟ್. 20ರ ಅರೇಗೆ ಎಫ್‌ಗೆಟ್ಸ್ 19 ಓದಿತು. ಆರು ಚಿಹ್ನೆ ಪೂರ್ತಿ ಬಂತು, ಏಳನೆಯದರಲ್ಲಿ ಮೂರನೇ ಒಂದು ಭಾಗ ಮಾತ್ರ. ಪರದೆ ಮೇಲೆ "ಮಾಟುಂಗ" ಬಂದು ಪಕ್ಕದಲ್ಲಿ ಪ್ರಶ್ನಾರ್ಥಕದ ಕರಿ ಗುರುತೊಂದು ಕಾಣಿಸಿತು. ಸೋದರಳಿಯ ಫಾಂಟ್ ಸರಿಯಿಲ್ಲ ಅಂದುಕೊಂಡಿದ್ದ. ತನ್ನದೇ ಊರಿನ ಹೆಸರು ಚಿಹ್ನೆಯೊಂದರ ನಡುವೆಯೇ ಕಡಿದುಹೋಗಿದೆ ಅಂತ ತಿಳಿದಾಗ ಅವನಿಗೆ ಈ ವಿಷಯ ನಿಜಕ್ಕೂ ಹಿಡಿಸಿತು.

ತುಂಡಾದ ಚಿಹ್ನೆಯನ್ನು ಗುರುತಿಸಬಹುದು. ಕನ್ನಡ ಚಿಹ್ನೆಯ ಮೊದಲ ಬೈಟ್ ಯಾವಾಗಲೂ ಹೆಕ್ಸಾಡೆಸಿಮಲ್ ಇ0. ಉಳಿದೆರಡು 80ರಿಂದ ಬಿಎಫ್‌ವರೆಗೆ. ಕೊನೆಯಿಂದ ಹಿಂದಕ್ಕೆ ಬಂದು ಮೊದಲ ಬೈಟ್ ಹುಡುಕಿ, ಅದರ ಮುಂದೆ ಎರಡೂ ಬೈಟ್ ಇಲ್ಲದಿದ್ದರೆ ಅಲ್ಲೇ ಕತ್ತರಿಸಬಹುದು. ಆಗಲೂ ಸಿಗುವುದು "ಮಾಟುಂಗ". ಬೈಟ್ ಸರಿ, ಹೆಸರು ತಪ್ಪು. ಅದಕ್ಕೇ ಹೆಸರು, ವಿಳಾಸದಂಥವನ್ನು ಕತ್ತರಿಸಿ ಇಟ್ಟುಕೊಳ್ಳುವುದಕ್ಕಿಂತ, ಉದ್ದವಾಯಿತು ಅಂತ ಹೇಳಿ ಮತ್ತೆ ಕೇಳುವುದೇ ವಾಸಿ. ಅಳತೆಯನ್ನೂ ಧಾರಾಳವಾಗಿ ಇಡಿ. ಸಿಎಸ್‌ಎಂಟಿಯ ಪೂರ್ತಿ ಹೆಸರು ಕನ್ನಡದಲ್ಲಿ 28 ಚಿಹ್ನೆ, ಮೂರು ಸ್ಪೇಸ್, ಒಟ್ಟು 87 ಬೈಟ್. ಒಂದು ಸಾಲಿಗೆ 256 ಬೈಟ್ ಇಟ್ಟರೆ ಇವತ್ತಿನ ಯಾವ ಕಂಪ್ಯೂಟರಿಗೂ ಭಾರವಲ್ಲ.

ಗೆಟ್‌ಲೈನ್

ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಕೆಲಸ ಮಾಡುವವರಿಗೆ ಇದು ಬಹಳ ಹಿತವಾದದ್ದು. ಗ್ನೂ ಲೈಬ್ರರಿಯಲ್ಲಿದ್ದದ್ದು 2008ರಲ್ಲಿ ಯುನಿಕ್ಸ್ ಥರದ ಸಿಸ್ಟಂಗಳ ಪೋಸಿಕ್ಸ್ ಸ್ಟ್ಯಾಂಡರ್ಡಿಗೆ ಸೇರಿತು. ಅಳತೆ ಹೇಳುವ ಕೆಲಸವೇ ಇಲ್ಲ. ನಲ್ ಇಟ್ಟ ಪಾಯಿಂಟರ್ ಒಂದು, ಸೊನ್ನೆ ಇಟ್ಟ ಅಳತೆ ಒಂದು, ಎರಡರ ವಿಳಾಸ ಕೊಡಿ. ಸಾಲು ಎಷ್ಟಿದೆಯೋ ಅಷ್ಟು ಜಾಗವನ್ನು ಅದೇ ಮಾಡಿಕೊಳ್ಳುತ್ತದೆ, ಎಷ್ಟು ಬೈಟ್ ಓದಿತು ಅಂತಲೂ ಹೇಳುತ್ತದೆ, ಓದಲು ಆಗದಿದ್ದರೆ -1. ಲೂಪಿನಲ್ಲಿ ಅದೇ ಪಾಯಿಂಟರನ್ನು ಮತ್ತೆ ಮತ್ತೆ ಕೊಡಬಹುದು, ಕೊನೆಗೊಮ್ಮೆ ಫ್ರೀ ಮಾಡಿದರೆ ಸಾಕು. ಹೊಸ ಸಾಲಿನ ಗುರುತನ್ನು ಇದೂ ಇಟ್ಟುಕೊಳ್ಳುತ್ತದೆ.

ಎರಡು ಕಡೆ ಹುಷಾರು. ಇದು ಸಿ ಸ್ಟ್ಯಾಂಡರ್ಡಿನ ಭಾಗವಲ್ಲ, ವಿಷುವಲ್ ಸ್ಟುಡಿಯೋದಲ್ಲಿ ಸಿಗುವುದಿಲ್ಲ. ಸೋದರಳಿಯನ ಲ್ಯಾಪ್‌ಟಾಪ್ ವಿಂಡೋಸ್, ಅದಕ್ಕೇ ನಾವು ಇದನ್ನು ಬಿಟ್ಟೆವು. ಎರಡನೆಯದು, ಮಿತಿ ಇಲ್ಲದಿರುವುದೇ ಇಲ್ಲಿ ಅಪಾಯ. ಸ್ವಂತ ಫೈಲುಗಳಿಗೆ, ಮನೆಯಲ್ಲಿ ಬಳಸುವ ಸಣ್ಣ ಪ್ರೋಗ್ರಾಮಿಗೆ ಪರವಾಗಿಲ್ಲ. ಆದರೆ ನೆಟ್‌ವರ್ಕ್ ಆಚೆಯಿಂದ ಯಾರೋ ಎಂಟರ್ ಒತ್ತದೆ ಕೊನೆಯಿಲ್ಲದೆ ಬೈಟ್ ಕಳಿಸುತ್ತಾ ಹೋದರೆ, ಗೆಟ್‌ಲೈನ್ ಮೆಮೊರಿ ಮುಗಿಯುವ ತನಕ ಕೇಳುತ್ತಲೇ ಇರುತ್ತದೆ. ಅಪರಿಚಿತರಿಂದ ಓದುವ ಕಡೆ ನಾನು ಎಫ್‌ಗೆಟ್ಸ್‌ನಂತೆ ಮಿತಿ ಇರುವುದನ್ನೇ ಆರಿಸುತ್ತೇನೆ.

ಅಂಕಿ ಬೇಕಾದಾಗ

ಅಂಕಿಯನ್ನೂ ಮೊದಲು ಸಾಲಾಗಿ ಓದಿ, ಆಮೇಲೆ ಒಳಗೆ ನೋಡಿ. ಓದುವ ಕೆಲಸವನ್ನೂ ಅರ್ಥ ಮಾಡುವ ಕೆಲಸವನ್ನೂ ಬೇರೆ ಮಾಡಿದ ಕೂಡಲೇ ಅಂಕಿ ತಪ್ಪಾಗಿದ್ದಕ್ಕೆ ಓಡುವ ಆ ಕೊನೆಯಿಲ್ಲದ ಲೂಪ್ ಮಾಯವಾಗುತ್ತದೆ. ತಪ್ಪು ಸಾಲು ಆಗಲೇ ಹೊರಗೆ ಬಂದಿರುತ್ತದೆ, ಅದನ್ನು ಬಿಟ್ಟು ಹೊಸದನ್ನು ಕೇಳಿದರಾಯಿತು. ಒಂದು ಪ್ರೋಗ್ರಾಮಿನಲ್ಲಿ ಅರ್ಧ ಸ್ಕ್ಯಾನ್‌ಎಫ್, ಅರ್ಧ ಎಫ್‌ಗೆಟ್ಸ್ ಅಂತ ಬೆರೆಸಬೇಡಿ. %ಡಿ ಬಿಟ್ಟುಹೋದ ಹೊಸ ಸಾಲಿನ ಗುರುತನ್ನು ಎಫ್‌ಗೆಟ್ಸ್ ಖಾಲಿ ಸಾಲು ಅಂತ ಓದುತ್ತದೆ. "ನನ್ನ ಪ್ರೋಗ್ರಾಮ್ ಹೆಸರು ಕೇಳುವುದೇ ಇಲ್ಲ" ಅನ್ನುವ ಮಕ್ಕಳ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಬಫರಿನಿಂದ ಅಂಕಿ ತೆಗೆಯಲು ಮೂರು ದಾರಿ. ಎ ಟು ಐ (atoi) ಬೇಡ: "ದಾದರ್" ಕೊಟ್ಟರೂ 0, "0" ಕೊಟ್ಟರೂ 0, ವ್ಯತ್ಯಾಸವೇ ತಿಳಿಯುವುದಿಲ್ಲ. ಎಸ್‌ಸ್ಕ್ಯಾನ್‌ಎಫ್ ಸುಲಭ, ಆದರೆ "2ದಾದರ್" ಅಂತ ಕೊಟ್ಟರೆ 2 ತೆಗೆದುಕೊಂಡು ಸುಮ್ಮನಾಗುತ್ತದೆ. ಸ್ಟ್ರ್‌ಟಾಲ್ (strtol) ಎಲ್ಲಿ ನಿಂತಿತು ಅಂತ ಪಾಯಿಂಟರಿನಲ್ಲಿ ತೋರಿಸುತ್ತದೆ. ಶುರುವಿನಲ್ಲೇ ನಿಂತಿದ್ದರೆ ಅಂಕಿ ಇಲ್ಲ, ಮಧ್ಯೆ ನಿಂತಿದ್ದರೆ ಹಿಂದೆ ಕಸ ಇದೆ. ಅಂಕಿ ತೀರಾ ದೊಡ್ಡದಾದರೆ ತಪ್ಪಿನ ಸಂಖ್ಯೆ ಇಡುವ ಎರ್‌ನೋಗೆ ಇರೇಂಜ್ (ಮಿತಿ ಮೀರಿದೆ ಅನ್ನುವ ಸಂಖ್ಯೆ) ಹಾಕುತ್ತದೆ, ಅದಕ್ಕಾಗಿ ಕರೆಯುವ ಮೊದಲು ಎರ್‌ನೋವನ್ನು ಸೊನ್ನೆ ಮಾಡಿಕೊಳ್ಳಿ. ಕನ್ನಡ ಕೀಬೋರ್ಡಿನಲ್ಲಿ ಯಾರಾದರೂ ೨ ಅಂತ ಕನ್ನಡ ಅಂಕಿ ಹೊಡೆದರೆ ಸ್ಟ್ರ್‌ಟಾಲ್ ಸಾಮಾನ್ಯವಾಗಿ ಶುರುವಿನಲ್ಲೇ ನಿಲ್ಲುತ್ತದೆ. ನಮ್ಮವರಿಗಾಗಿ ಬರೆಯುವ ಪ್ರೋಗ್ರಾಮಾದರೆ ಆ ಹತ್ತು ಅಂಕಿಗಳನ್ನು ಮೊದಲೇ 0ರಿಂದ 9ಕ್ಕೆ ಬದಲಿಸಿಕೊಳ್ಳುವ ಸಣ್ಣ ಫಂಕ್ಷನ್ ಬರೆಯಿರಿ. ಅದು ಸಣ್ಣ ಕೆಲಸ, ಬಳಸುವವರಿಗೆ ದೊಡ್ಡ ಉಪಕಾರ.

ಸಂಜೆ ಹೊತ್ತಿಗೆ ಅವನ ಪ್ರೋಗ್ರಾಮಿನಲ್ಲಿ ಸಾಲು ಓದುವ ಫಂಕ್ಷನ್ ಒಂದೇ ಒಂದು ಉಳಿದಿತ್ತು. ಬಫರ್ ಮತ್ತು ಅಳತೆ ತೆಗೆದುಕೊಳ್ಳುತ್ತದೆ, ಮೂರರಲ್ಲಿ ಒಂದು ಉತ್ತರ ಕೊಡುತ್ತದೆ: ಸರಿ, ಉದ್ದವಾಯಿತು, ಓದಲು ಏನೂ ಇಲ್ಲ. ಮೂರು ಪ್ರಶ್ನೆಗೂ ಅದನ್ನೇ ಕರೆಯುತ್ತಾನೆ. ಪರೀಕ್ಷೆಗೆ ಅಳತೆಯನ್ನು ಬೇಕೆಂದೇ ಮತ್ತೆ 20ಕ್ಕೆ ಇಳಿಸಿದೆವು, ಜಿಸಿಸಿ ಕಂಪೈಲರಿನ, ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಲು ನನ್ನ ಲಿನಕ್ಸ್ ಯಂತ್ರಕ್ಕೆ ಕೋಡ್ ತಂದುಕೊಂಡೆವು. ಬರೀ ಎಂಟರ್ ಒತ್ತಿದೆವು. 18, 19, 20 ಅಕ್ಷರದ ಸಾಲು ಕೊಟ್ಟೆವು. ಲೋವರ್ ಪರೇಲ್ ಕೊಟ್ಟೆವು. ಏನೂ ಹೊಡೆಯದೆ ಕಂಟ್ರೋಲ್ ಡಿ ಒತ್ತಿದೆವು. ಕೊನೆಗೆ ಅವನು ಕನ್ನಡದಲ್ಲಿ ಮಾಟುಂಗಾ ಅಂತ ಹೊಡೆದ. ಹೆಸರು ಉದ್ದವಾಯಿತು, ಮತ್ತೆ ಕೊಡಿ ಅಂತ ಬಂತು. ಅಳತೆಯನ್ನು 256 ಮಾಡಿ ಮತ್ತೆ ಹೊಡೆದ. ಕೊನೆಯ ಆ ಕಾರದ ಸಮೇತ ಪೂರ್ತಿ ಬಂತು.